ಎರಡನೇ ದೋಸೆ ಕೇಳದ ಹುಡುಗಿ

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ವಯಸ್ಸು 36):

ಮೇಡಂ, ನಮಸ್ಕಾರ. ಕೇಳಬೇಕೋ ಬೇಡವೋ ಅಂತ ಒಂದು ತಿಂಗಳಿಂದ ಬರೆದು ಅಳಿಸಿ ಮಾಡುತ್ತಿದ್ದೇನೆ. ನನ್ನನ್ನು ಯಾರೂ ಹೊಡೆದಿಲ್ಲ, ಉಪವಾಸ ಕೆಡವಿಲ್ಲ. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿ ಸರಿಯಾದ ಶಾಲೆ ಇಲ್ಲ ಅಂತ ಒಂದನೇ ಕ್ಲಾಸಿಗೇ ನನ್ನನ್ನು ಹಾಸನದಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟರು. ತಮ್ಮ ಚಿಕ್ಕವನು, ಅವರ ಜೊತೆಗೇ ಉಳಿದ. ಹತ್ತನೇ ಕ್ಲಾಸ್ ಮುಗಿಯುವವರೆಗೂ ನಾನು ಅಲ್ಲೇ.

ಅತ್ತೆ ಕೆಟ್ಟವರಲ್ಲ. ಆದರೆ ಅದು ನನ್ನ ಮನೆ ಅಲ್ಲ ಅನ್ನುವುದು ಗೊತ್ತಿತ್ತು. ಅವರ ಮಕ್ಕಳು “ಅಮ್ಮಾ, ಇನ್ನೊಂದು ದೋಸೆ” ಅಂತ ಕೂಗುತ್ತಿದ್ದರು. ನಾನು ಒಂದು ತಿಂದು ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದೆ. ಅಪ್ಪ ತಿಂಗಳಿಗೊಮ್ಮೆ ಬಂದು ವಾಪಸ್ ಬಸ್ ಹತ್ತುವಾಗಲೂ ಅಳುತ್ತಿರಲಿಲ್ಲ. “ಎಷ್ಟು ಜಾಣೆ ನೋಡಿ, ಹಟಾನೇ ಮಾಡಲ್ಲ” ಅಂತ ನೆಂಟರೆಲ್ಲ ಹೊಗಳುತ್ತಿದ್ದರು.

ಈಗ ಬೆಂಗಳೂರಿನಲ್ಲಿ ಕೆಲಸ, ಗಂಡ, ಆರು ವರ್ಷದ ಮಗಳು. ಜ್ವರ ಬಂದರೂ ಗಂಡನಿಗೆ ಹೇಳುವುದಿಲ್ಲ. ಮಗಳು ರಚ್ಚೆ ಹಿಡಿದರೆ ಮರಗಟ್ಟಿದ ಹಾಗೆ ನಿಂತುಬಿಡುತ್ತೇನೆ. ಹೋದ ವಾರ ಅವಳು “ಇನ್ನೊಂದು ದೋಸೆ” ಅಂದಳು, ಅಷ್ಟೇ. ಎಲ್ಲಿತ್ತೋ ಸಿಟ್ಟು, ಕಾವಲಿ ಕುಕ್ಕಿದೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಮ್ಮನ ಹತ್ತಿರ ಮಾತೆತ್ತಿದರೆ “ನಿನಗೇನು ಕಮ್ಮಿ ಮಾಡಿದ್ವಿ?” ಅನ್ನುತ್ತಾರೆ. ಇದು ನಿಜವಾಗಿ ತೊಂದರೆಯಾ, ನಾನೇ ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದೇನಾ? ಅಮ್ಮ ತಪ್ಪಾಯ್ತು ಅಂದರೆ ಮಾತ್ರ ಸರಿಹೋಗುತ್ತದಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):

ಗುಡ್ಡ ಮಾಡುತ್ತಿಲ್ಲ. ಆ “ಜಾಣೆ” ಅನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ.

ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಅಂತ ಒಬ್ಬರು ಮಕ್ಕಳ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದರು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದ ಮಕ್ಕಳನ್ನು ನೋಡಲು ಅಪ್ಪ ಅಮ್ಮನನ್ನು ಸರಿಯಾಗಿ ಬಿಡುತ್ತಿರಲಿಲ್ಲ. ಮಕ್ಕಳು ಮೊದಲು ಅಳುತ್ತಿದ್ದವು, ಆಮೇಲೆ ಸಪ್ಪಗಾಗುತ್ತಿದ್ದವು, ಕೊನೆಗೆ ಸುಮ್ಮನಾಗುತ್ತಿದ್ದವು. ನರ್ಸ್‌ಗಳು “ಪರವಾಗಿಲ್ಲ, ಹೊಂದಿಕೊಂಡಿತು” ಅನ್ನುತ್ತಿದ್ದರು. ಅದು ಹೊಂದಿಕೊಂಡಿದ್ದಲ್ಲ, ಕರೆಯುವುದನ್ನೇ ಬಿಟ್ಟಿದ್ದು ಅಂದರು ರಾಬರ್ಟ್‌ಸನ್. ಡಾಕ್ಟರುಗಳು ನಂಬಲಿಲ್ಲ. ಆಗ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಅವಳೂ ಹೆಚ್ಚು ಅಳುವ ಹುಡುಗಿಯಲ್ಲ. ಅದೇ ಅದರಲ್ಲಿ ಕರುಳು ಹಿಂಡುವ ವಿಷಯ. ಮಕ್ಕಳನ್ನು ನೋಡಲು ತಂದೆತಾಯಿಗೆ ಯಾವಾಗ ಬೇಕಾದರೂ ಬಿಡಬೇಕು ಅಂತ ಅಲ್ಲಿನ ಸರ್ಕಾರಿ ಸಮಿತಿ ಹೇಳಿದ್ದು 1959ರಲ್ಲಿ.

ಅವಳಿಗೆ ಎಂಟು ದಿನ. ನಿಮಗೆ ಹತ್ತು ವರ್ಷ. ಹೌದು, ನೀವು ದೊಡ್ಡವರಿದ್ದಿರಿ, ಸುತ್ತ ನೆಂಟರಿದ್ದರು, ಎರಡೂ ಒಂದೇ ಅಲ್ಲ. ಆದರೆ ಕೇಳಿದರೆ ಭಾರವಾಗುತ್ತೇನೆ ಅಂತ ಆರು ವರ್ಷದ ಹುಡುಗಿ ಲೆಕ್ಕ ಹಾಕಿದಳಲ್ಲ, ಆ ಲೆಕ್ಕ ಇನ್ನೂ ನಡೀತಾ ಇದೆ. ಜ್ವರ ಬಚ್ಚಿಡುವುದು ಅದೇ. ದೋಸೆಯ ಸಿಟ್ಟೂ ಅದೇ. ಮಗಳು ಎಷ್ಟು ಸಲೀಸಾಗಿ ಕೇಳುತ್ತಾಳೆ ಅಲ್ವಾ? ನಿಮಗೆ ಅದಕ್ಕೆ ಬಾಯಿ ಬರಲಿಲ್ಲ. ಅಷ್ಟು ಸಲೀಸಾಗಿ ಕೇಳುವ ಹಾಗೆ ಅವಳನ್ನು ಬೆಳೆಸಿದವರೂ ನೀವೇ, ಅದನ್ನು ಮರೆಯಬೇಡಿ.

ಅಮ್ಮನ ವಿಷಯ. “ಏನು ಕಮ್ಮಿ ಮಾಡಿದ್ವಿ” ಅನ್ನುವುದು ಅವರ ಲೆಕ್ಕದಲ್ಲಿ ಸುಳ್ಳಲ್ಲ. ಅವರು ಫೀಸು, ಬಟ್ಟೆ, ದೀಪಾವಳಿಗೆ ಹೊಸ ಲಂಗ ಎಣಿಸುತ್ತಿದ್ದಾರೆ. ನೀವು ಎಣಿಸುತ್ತಿರುವುದು ಶಾಲೆ ಬಿಟ್ಟ ಮೇಲಿನ ಸಂಜೆಗಳನ್ನು. ಎರಡು ಲೆಕ್ಕ ಒಂದೇ ಪುಸ್ತಕದಲ್ಲಿ ಸೇರುವುದಿಲ್ಲ. ನಿಮ್ಮ ಚೇತರಿಕೆಯನ್ನು ಅವರ ಕ್ಷಮೆಗೆ ಗಂಟು ಹಾಕಬೇಡಿ. ಎಷ್ಟೋ ಮನೆಗಳಲ್ಲಿ ಆ ಮಾತು ಬರುವುದೇ ಇಲ್ಲ. ಮಾತಾಡಲೇಬೇಕು ಅನ್ನಿಸಿದರೆ “ಯಾಕೆ ಬಿಟ್ಟೆ” ಅಂತ ಕೇಳಬೇಡಿ, ಜಗಳ ಆಗುತ್ತದೆ. “ನನ್ನನ್ನು ಬಿಟ್ಟು ಬಂದ ದಿನ ರಾತ್ರಿ ನೀನು ಏನು ಮಾಡಿದೆ ಅಮ್ಮ?” ಅಂತ ಕೇಳಿ ನೋಡಿ.

ಮನೆಯಲ್ಲಿ ಮಾಡಬಹುದಾದ್ದು ಸಣ್ಣದು. ದಿನಕ್ಕೆ ಒಂದು ಸಲ ಗಂಡನ ಹತ್ತಿರ ಏನಾದರೂ ಕೇಳಿ. “ತಲೆ ನೋಯ್ತಿದೆ, ಒಂದು ಲೋಟ ಕಾಫಿ ಮಾಡಿಕೊಡ್ತೀರಾ?” ಅಂದರೂ ಸಾಕು. ಮೊದಮೊದಲು ನಾಚಿಕೆ, ಅಪರಾಧ ಮಾಡಿದ ಹಾಗೆ ಅನ್ನಿಸುತ್ತದೆ. ಅನ್ನಿಸಲಿ. ಮಗಳ ಮೇಲೆ ರೇಗಿದರೆ ವಾಪಸ್ ಹೋಗಿ ಹೇಳಿ: “ಅಮ್ಮಂಗೆ ಯಾವುದೋ ಸಿಟ್ಟಿತ್ತು, ನಿನ್ನ ತಪ್ಪಲ್ಲ.” ರೇಗದೇ ಇರುವ ತಾಯಿಯನ್ನು ನಾನಂತೂ ನೋಡಿಲ್ಲ. ಹಾಗೆ ವಾಪಸ್ ಬಂದರೆ ಮಗುವಿಗೆ ಧೈರ್ಯ.

ಇನ್ನೊಂದು ಕೇಳುತ್ತೇನೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಸೈಕಾಲಜಿಸ್ಟ್ ಮತ್ತು ಜೊತೆಯವರು ದಶಕಗಟ್ಟಲೆ ನೋಡುತ್ತಾ ಬಂದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ಹೆಚ್ಚು ಅಪಾಯದಲ್ಲಿದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರ ಹಿಂದೆ ಸಾಮಾನ್ಯವಾಗಿ ನೆಚ್ಚಿಕೊಳ್ಳಬಹುದಾದ ಒಬ್ಬ ದೊಡ್ಡವರು ಇರುತ್ತಿದ್ದರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ನಿಮಗೆ ಅಂಥವರು ಯಾರಿದ್ದರು?

ಗುಂಪಿನ ಸದಸ್ಯರೊಬ್ಬರು:

ನಾವು ಐದೂ ಜನ ಹಾಸ್ಟೆಲಿನಲ್ಲೇ ಓದಿದ್ದು. ಆಗ ಇದೆಲ್ಲ ಇರಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಒಂದು ಹೆಸರು ಬೇಕು.

ಉತ್ತರ:

ಸರ್, ಹಾಸ್ಟೆಲಿಗೆ ಹೋದವರೆಲ್ಲ ಮುರಿದುಹೋಗುತ್ತಾರೆ ಅಂತ ನಾನು ಹೇಳಿಲ್ಲ. ನೀವು ಐದು ಜನ ಇದ್ದಿರಿ. ಪ್ರಶ್ನೆ ಕೇಳಿದವರು ಒಬ್ಬರೇ ಇದ್ದರು. ಆಗ ಹೆಸರು ಇರಲಿಲ್ಲ, ಅದು ನಿಜ.

ಇನ್ನೊಬ್ಬ ಸದಸ್ಯೆ:

ಮೇಡಂ, ನಾನು ಹಾವೇರಿ ಕಡೆಯವಳು. ಕೌನ್ಸೆಲಿಂಗಿಗೆ ದುಡ್ಡು ಹೊಂದಿಸುವುದು ಕಷ್ಟ. ಎಲ್ಲಿ ಹೋಗುವುದು?

ಉತ್ತರ:

ಮೊದಲು 14416ಕ್ಕೆ ಫೋನ್ ಮಾಡಮ್ಮ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಕೇಳಿ. ಹೆಸರಿಗೆ ಹೆದರಬೇಡಿ, ಬೇಜಾರು ಹೇಳಿಕೊಳ್ಳಲೂ ಹೋಗಬಹುದು. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಮಾತ್ರ ತಡ ಮಾಡಲೇಬಾರದು.

ಪ್ರಶ್ನೆ ಕೇಳಿದವರು (ನಾಲ್ಕು ದಿನ ಬಿಟ್ಟು):

ಮೇಡಂ, ನೀವು ಕೇಳಿದ್ದಕ್ಕೆ ಮೊದಲು “ಯಾರೂ ಇರಲಿಲ್ಲ” ಅಂತಲೇ ಬರೆದಿದ್ದೆ. ಆಮೇಲೆ ನೆನಪಾಯಿತು. ಮಾವನ ಮನೆ ಬೀದಿಯ ಕೊನೆಯಲ್ಲಿ ಒಬ್ಬರು ಟೈಲರ್ ಇದ್ದರು. ಶಾಲೆ ಬಿಟ್ಟು ಬರುವಾಗ ಕರೆದು, ಗುಂಡಿಗಳ ಡಬ್ಬ ಮುಂದಿಟ್ಟು “ಬಣ್ಣ ಬಣ್ಣ ಬೇರೆ ಮಾಡು ಪುಟ್ಟಿ” ಅನ್ನುತ್ತಿದ್ದರು. ಮಿಷನ್ ತುಳಿಯುತ್ತಲೇ ಆವತ್ತಿನ ಪಾಠ ಕೇಳುತ್ತಿದ್ದರು. ನಾನು ಬೇರೆ ಮಾಡಿಟ್ಟಿದ್ದನ್ನು ಮಾರನೇ ದಿನಕ್ಕೆ ಅವರೇ ಮತ್ತೆ ಕಲಸಿ ಇಡುತ್ತಿದ್ದರು ಅಂತ ಈಗ ಹೊಳೆಯಿತು. ಟೈಲರಿಗೆ ದಿನಾ ಗುಂಡಿ ಬೇರೆ ಮಾಡಿಸಿಕೊಳ್ಳುವ ಕೆಲಸ ಏನಿರುತ್ತದೆ?

ಅಮ್ಮನನ್ನು ಇನ್ನೂ ಕೇಳಿಲ್ಲ. ಗಂಡನ ಹತ್ತಿರ ಕಾಫಿ ಕೇಳಿದೆ. ಸಕ್ಕರೆ ಜಾಸ್ತಿ ಆಗಿತ್ತು. ಅದನ್ನೂ ಹೇಳಿದೆ.