ಹಾಲ್‌ನ ರೂಟರ್ ಪಾಯಿಂಟ್ ಸದಾ ಆನ್ ಇರುವಂತೆ ಮಾಡುವ ಬಗ್ಗೆ

ಅತ್ತಿಗೆ, ನಮಸ್ಕಾರ. ರೂಟರ್ ಪಾಯಿಂಟ್ ಯಾವಾಗಲೂ ಆನ್ ಇರುವಂತೆ ಮಾಡುವುದು ಹೇಗೆಂದು ಬೆಳಿಗ್ಗೆ ನೀವು ಮನೆಯವರ ಗ್ರೂಪಿನಲ್ಲಿ ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಹೇಳಿದರೆ ಅರ್ಧ ಉತ್ತರವಾಗುತ್ತದೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಬಿಡುವಾದಾಗ ಕೇಳಿಸಿಕೊಳ್ಳಿ. ಹಾಲ್‌ನಲ್ಲಿ ಛಾವಣಿಯ ಹತ್ತಿರವಿರುವ ಪ್ಲಗ್ ಪಾಯಿಂಟ್‌ಗೆ ವೈಫೈ ರೂಟರನ್ನೂ ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಅನ್ನೂ ಹಾಕಿದ್ದೀರಿ. ಅದರ ಸ್ವಿಚ್ಚು ಕೆಳಗೆ ಬಾಗಿಲ ಪಕ್ಕದ ಬೋರ್ಡಿನಲ್ಲಿ ಫ್ಯಾನು, ಟ್ಯೂಬ್‌ಲೈಟುಗಳ ಸಾಲಿನಲ್ಲೇ ಇರುವುದರಿಂದ ಅಪ್ಪ ಮಲಗುವ ಮುನ್ನ ಆ ಸಾಲನ್ನೆಲ್ಲ ಆರಿಸಿ ಹೋಗುತ್ತಾರೆ, ಕ್ಯಾಮೆರಾ ಬೇಕಾದ ಹೊತ್ತಿನಲ್ಲೇ ಬಂದ್ ಆಗಿರುತ್ತದೆ. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದರೆ ಸಾಕು ಎಂದು ಅಣ್ಣ ಹೇಳಿದ್ದಾನೆ. ಅಪ್ಪನ ಬೆರಳಿಗೆ ಟೇಪು ಲೆಕ್ಕಕ್ಕಿಲ್ಲ. ನಿಮ್ಮ ಮಗ ವಿಡಿಯೊ ನೋಡಿಕೊಂಡು ತಾನೇ ನೇರ ಕನೆಕ್ಷನ್ ಕೊಡುತ್ತೇನೆ ಎಂದಿದ್ದಾನೆ. ಆ ಹುಮ್ಮಸ್ಸಿಗಾಗಿಯೇ ನಾನು ಇಷ್ಟು ಹೇಳಬೇಕಾಗಿದೆ.

ಮೊದಲು ಬೋರ್ಡಿನ ಒಳಗೆ ಏನಿದೆ ಎಂಬುದನ್ನು ಹೇಳುತ್ತೇನೆ. ಪ್ಲೇಟು ಬಿಚ್ಚಿದರೆ ಫೇಸ್ ವೈರು, ಅಂದರೆ ಕರೆಂಟು ತರುವ ವೈರು, ಮೊದಲ ಸ್ವಿಚ್ಚಿನ ಒಂದು ಸ್ಕ್ರೂಗೆ ಬಂದು, ಅಲ್ಲಿಂದ ಚಿಕ್ಕ ತುಂಡುಗಳಲ್ಲಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೀಗೆ ಸಾಗಿರುತ್ತದೆ. ಇದನ್ನೇ ಲೂಪ್ ಎನ್ನುತ್ತೇವೆ. ಪ್ರತಿ ಸ್ವಿಚ್ಚಿನ ಇನ್ನೊಂದು ಸ್ಕ್ರೂನಿಂದ ಹೊರಟ ವೈರು ಆಯಾ ಫ್ಯಾನಿಗೋ ದೀಪಕ್ಕೋ ಪ್ಲಗ್ಗಿಗೋ ಹೋಗುತ್ತದೆ. ಕರೆಂಟು ಮರಳುವ ವೈರಾದ ನ್ಯೂಟ್ರಲ್ ಸ್ವಿಚ್ಚಿಗೆ ಬರುವುದೇ ಇಲ್ಲ, ಬರಲೂಬಾರದು. ಹಾಗಾಗಿ ಮೇಲಿನ ಪಾಯಿಂಟ್‌ಗೆ ಹೋಗುವ ಆ ಒಂದು ವೈರನ್ನು ಬಿಚ್ಚಿ ಲೂಪ್ ಇರುವ ಕಡೆಗೆ ಸೇರಿಸಿದರೆ ಪಾಯಿಂಟ್ ಸದಾ ಆನ್ ಇರುತ್ತದೆ. ಗೋಡೆ ಒಡೆಯುವುದು, ಹೊಸ ಪೈಪು ಎಳೆಯುವುದು ಯಾವುದೂ ಬೇಕಿಲ್ಲ. ಅವಸರದಲ್ಲಿ ಲೂಪನ್ನೇ ಕಿತ್ತು ಮೇಲಿನ ವೈರಿಗೆ ಸುತ್ತಿಬಿಟ್ಟರೆ ಮಾತ್ರ ಸಾಲಿನಲ್ಲಿ ಮುಂದಿರುವ ಸ್ವಿಚ್ಚುಗಳಿಗೆ ಕರೆಂಟು ಹೋಗದೆ ಫ್ಯಾನು ನಿಂತುಹೋಗುತ್ತದೆ.

ಆದರೆ ಅಷ್ಟಕ್ಕೇ ಬಿಟ್ಟರೆ ಬೋರ್ಡಿನಲ್ಲಿ ಯಾವ ಕೆಲಸವೂ ಇಲ್ಲದ ಒಂದು ಸ್ವಿಚ್ಚು ಉಳಿಯುತ್ತದೆ, ನನಗೆ ಒಪ್ಪಿಗೆಯಾಗದಿರುವುದು ಇದೇ. ಮುಂದೊಂದು ದಿನ ಯಾರೋ ಆ ಸ್ವಿಚ್ಚು ಆರಿಸಿ, ಏಣಿ ಹತ್ತಿ, ಮೇಲಿನ ಸಾಕೆಟ್ ಬಿಚ್ಚುತ್ತಾರೆ. ಅಲ್ಲಿ 230 ವೋಲ್ಟ್ ಹಾಗೆಯೇ ಕಾದಿರುತ್ತದೆ. ಆದ್ದರಿಂದ ಕೆಳಗಿನ ಆ ಸ್ವಿಚ್ಚನ್ನು ತೆಗೆಸಿ ಅದರ ಜಾಗಕ್ಕೆ ಡಮ್ಮಿ, ಅಂದರೆ ಖಾಲಿ ಜಾಗ ಮುಚ್ಚುವ ತುಂಡು, ಕೂರಿಸಿ. ಡಮ್ಮಿ ನಿಮ್ಮ ಪ್ಲೇಟಿನ ಕಂಪನಿಯದೇ ಆಗಿರಲಿ, ಬೇರೆಯದು ಸಾಮಾನ್ಯವಾಗಿ ಸರಿಯಾಗಿ ಕೂರುವುದಿಲ್ಲ; ನಿಮ್ಮ ಬಡಾವಣೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಿಗುತ್ತದೆ. ಸ್ವಿಚ್ಚು ಹೋದ ಮೇಲೆ ಲೂಪಿನ ಎರಡು ತುದಿ ಮತ್ತು ಮೇಲಕ್ಕೆ ಹೋಗುವ ವೈರು, ಈ ಮೂರನ್ನೂ ಸ್ಕ್ರೂ ಇರುವ ಕನೆಕ್ಟರಿನಲ್ಲಿ ಬಿಗಿಸಬೇಕು. ಕೈಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟು ವರ್ಷಗಳು ಕಳೆದಂತೆ ಸಡಿಲವಾಗಿ, ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸುವುದು ನಮ್ಮ ಕೆಲಸದಲ್ಲಿ ಮಾಮೂಲು.

ಹಾಗಾದರೆ ಪಾಯಿಂಟಿಗೆ ಸ್ವಿಚ್ಚೇ ಬೇಡವೇ ಎಂದರೆ, ಬೇಕು, ಆದರೆ ಅದು ಮೇಲೆ ಸಾಕೆಟ್ಟಿನ ಪಕ್ಕದಲ್ಲಿರಲಿ. ವೈರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732 ಕೂಡ ಸಾಕೆಟ್ಟಿಗೊಂದು ಸ್ವಿಚ್ಚಿರಬೇಕು, ಅದು ಆದಷ್ಟೂ ಪಕ್ಕದಲ್ಲೇ ಇರಬೇಕು ಎನ್ನುತ್ತದೆ. ಈಗಿರುವ ಒಂಟಿ ಸಾಕೆಟ್ಟನ್ನು ತೆಗೆದು ಸ್ವಿಚ್ಚೂ ಸಾಕೆಟ್ಟೂ ಒಟ್ಟಿಗಿರುವ ಪ್ಲೇಟು ಹಾಕಿಸಿದರೆ ಅಪ್ಪನ ಕೈಗೆ ಅದು ಎಟಕುವುದಿಲ್ಲ, ರೂಟರ್ ಹ್ಯಾಂಗ್ ಆದಾಗ ನಿಮ್ಮ ಮಗ ಸ್ಟೂಲು ಹತ್ತಿ ಆರಿಸಿ ಹಾಕಬಹುದು. ಅಪ್ಪನ ಅಭ್ಯಾಸವನ್ನು ತಿದ್ದುವುದಕ್ಕಿಂತ ಸ್ವಿಚ್ಚಿನ ಜಾಗ ಬದಲಿಸುವುದು ಸುಲಭ.

ಇನ್ನು ಹುಡುಗ ತಾನೇ ಮಾಡುವ ವಿಚಾರ. ಮೇನ್ ಆರಿಸಿದರೆ ಭಯವಿಲ್ಲ ಎಂದು ಅವನು ಬರೆದಿದ್ದಾನೆ. ನಿಮ್ಮ ಮನೆಯಲ್ಲಿ ಯುಪಿಎಸ್ ಇದೆ. ಮೇನ್ ಆರಿಸಿದ ಮರುಕ್ಷಣವೇ ಯುಪಿಎಸ್ ಅದನ್ನು ಕರೆಂಟು ಹೋಯಿತೆಂದು ತಿಳಿದು ಬ್ಯಾಟರಿಯಿಂದ ಅದೇ ಹಾಲ್‌ನ ಬೋರ್ಡಿಗೆ 230 ವೋಲ್ಟ್ ಕಳಿಸುತ್ತದೆ. ಮೀಟರ್ ಹತ್ತಿರ ಮೇನ್ ಆರಿರುತ್ತದೆ, ಬೋರ್ಡಿನ ಲೂಪು ಮಾತ್ರ ಜೀವಂತವಾಗಿರುತ್ತದೆ. ಮೇನ್ ಜೊತೆಗೆ ಯುಪಿಎಸ್ಸನ್ನೂ ಆರಿಸಿ, ಅದರ ಔಟ್‌ಪುಟ್ ಲೈನನ್ನೂ ಬೇರ್ಪಡಿಸಿ, ಆಮೇಲೆ ಟೆಸ್ಟರನ್ನು ಮೊದಲು ಕರೆಂಟಿದೆಯೆಂದು ಖಚಿತವಾಗಿರುವ ಜಾಗದಲ್ಲಿ ಹಚ್ಚಿ ನೋಡಿ, ಅನಂತರವೇ ಬೋರ್ಡಿನೊಳಗೆ ಹಚ್ಚಿ ನೋಡಬೇಕು. ಇದಲ್ಲದೆ ನಿಮ್ಮದು ತ್ರೀ ಫೇಸ್ ಮನೆ, ಅಂದರೆ ಮೂರು ಬೇರೆ ಬೇರೆ ಫೇಸ್ ವೈರು ಬರುವ ಮನೆ. ಒಂದೇ ಬೋರ್ಡಿಗೆ ಎರಡು ಫೇಸು ಬಂದಿದ್ದರೆ ಅವುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ, ಒಂದು ಎಂಸಿಬಿ (ಫ್ಯೂಸಿನ ಬದಲು ಇರುವ ಸ್ವಿಚ್ಚು) ಆರಿಸಿದರೆ ಇನ್ನೊಂದು ಫೇಸು ಉಳಿದೇ ಇರುತ್ತದೆ.

ಯುಪಿಎಸ್ಸಿನದೇ ಇನ್ನೊಂದು ತೊಡಕಿದೆ. ಕರೆಂಟು ಹೋದಾಗಲೂ ಕ್ಯಾಮೆರಾ ನಡೆಯಲಿ ಎಂದು ನೀವು ಬಯಸುತ್ತೀರಿ, ಅದಕ್ಕೆ ಮೇಲಿನ ವೈರನ್ನು ಯುಪಿಎಸ್ಸಿನಿಂದ ಬರುವ ಲೂಪಿಗೇ ಸೇರಿಸಬೇಕು. ಆದರೆ ಆ ಪಾಯಿಂಟಿನ ನ್ಯೂಟ್ರಲ್ ಯುಪಿಎಸ್ ಇಲ್ಲದ ಮಾಮೂಲಿ ಲೈನಿನದಾಗಿದ್ದರೆ, ಒಂದು ದಾರಿಯಲ್ಲಿ ಹೋದ ಕರೆಂಟು ಬೇರೆ ದಾರಿಯಲ್ಲಿ ಮರಳುವುದರಿಂದ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸ್ವಿಚ್ಚು) ಅದನ್ನು ಸೋರಿಕೆಯೆಂದೇ ತಿಳಿಯುತ್ತದೆ. 10 ವಾಟ್ ಎಳೆಯುವ ರೂಟರೊಂದೇ ಇದಕ್ಕೆ ಸಾಕು, ಏಕೆಂದರೆ ಅದು ಸುಮಾರು 43 ಮಿಲಿಆಂಪ್, ಮನೆಯ ಆರ್‌ಸಿಸಿಬಿ ಬೀಳುವ ಮಿತಿ 30 ಮಿಲಿಆಂಪ್. ಫೇಸೂ ನ್ಯೂಟ್ರಲ್ಲೂ ಒಂದೇ ಲೈನಿನವಾಗಿರುವಂತೆ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ. ಇಲ್ಲದಿದ್ದರೆ ಕಾರಣ ತಿಳಿಯದೆ ಮನೆ ಆಗಾಗ ಕತ್ತಲಾಗುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇವುಗಳನ್ನು ಇದ್ದಂತೆಯೇ ಬದಲಿಸಿಕೊಳ್ಳಲು ವಿನಾಯಿತಿ ಇದೆ, ವೈರಿಂಗನ್ನೇ ಮಾರ್ಪಡಿಸುವುದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹುಡುಗ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದು ನೋಡಲಿ, ಹಾಗೆ ಕಲಿತಿದ್ದು ವಿಡಿಯೊಗಿಂತ ಚೆನ್ನಾಗಿ ನೆನಪಿರುತ್ತದೆ.

ದೊಡ್ಡಮ್ಮ ಫ್ರಿಜ್ಜಿಗೂ ಹೀಗೆಯೇ ಮಾಡಿಸಬಹುದೇ ಎಂದು ಕೇಳಿದ್ದಾರೆ. ದೊಡ್ಡಮ್ಮ, ನಿಮ್ಮ ಫ್ರಿಜ್ಜಿನ ಸ್ವಿಚ್ಚು ಸಾಕೆಟ್ಟಿನ ಪಕ್ಕದಲ್ಲೇ ಇದೆ, ಅದನ್ನು ಮುಟ್ಟಬೇಡಿ. ಅಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಮಾತ್ರ ಒಮ್ಮೆ ನೋಡಿಸಿ. ಗೀಸರಿಗಂತೂ ಈ ವಿಚಾರವೇ ಬೇಡ.

ಅತ್ತಿಗೆ, ಬೋರ್ಡಿನ ಪ್ಲೇಟಿನ ಒಂದು ಫೋಟೊ ಮತ್ತು ಡಿಬಿಯ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯ, ಬಾಗಿಲು ಮಾತ್ರ ತೆರೆದ ಒಂದು ಫೋಟೊ ಕಳಿಸಿ, ಪ್ಲೇಟು ಮಾತ್ರ ಬಿಚ್ಚಬೇಡಿ. ಯಾವ ಲೈನು ಎಲ್ಲಿಗೆ ಹೋಗಿದೆ ಎಂಬುದನ್ನು ಅಂದಾಜು ಮಾಡಿ, ನಮ್ಮ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ನಾನೇ ಮಾತನಾಡಿ ಹೇಳುತ್ತೇನೆ.