ಹಳೇ ಲಿನಕ್ಸ್ ಹಗುರ, ಹೊಸದು ಭಾರ: ನಿಜಾನಾ?

ಮಂಡ್ಯದ_ಪೆಂಗ್ವಿನ್: ಮನೆಯಲ್ಲಿ 32 ಬಿಟ್‌ನ ಹಳೇ ಕಂಪ್ಯೂಟರ್ ಡಬ್ಬ ಇದೆ, 1 ಜಿಬಿ ರ್‍ಯಾಮ್. ಹೊಸ ಉಬುಂಟು ಲಿನಕ್ಸ್ ಅದಕ್ಕೆ ಬರುವುದೇ ಇಲ್ಲ. 1993ರ ಮೊದಲ ಸ್ಲಾಕ್‌ವೇರ್ ಲಿನಕ್ಸ್ 24 ಫ್ಲಾಪಿಯಲ್ಲಿ ಮುಗಿಯುತ್ತಿತ್ತು. ಉಬುಂಟು 24.04ರ ಇನ್‌ಸ್ಟಾಲ್ ಫೈಲ್ ಒಂದೇ 5 ಜಿಬಿ ದಾಟುತ್ತದೆ. ಹಳೇದೇ ಹಾಕಿಬಿಡಲಾ?

ಕುವೆಂಪುನಗರ_ಟರ್ಮಿನಲ್: 17ನೇ ಫ್ಲಾಪಿ ಕೆಟ್ಟಿದ್ದರೆ ಏನು ಮಾಡ್ತೀರಿ? ಪರದೆಗೆ ಚಿತ್ರ ತರುವ ಎಕ್ಸ್‌ಫ್ರೀ86 ಹಾಕುವಾಗ ಮಾನಿಟರ್‌ನ ಸಿಂಕ್ (ಗೆರೆ ಬಿಡಿಸುವ ವೇಗ) ಎಷ್ಟು ಕಿಲೋಹರ್ಟ್ಸ್ ಅಂತ ನಾವೇ ಬರೆಯಬೇಕಿತ್ತು. ತಪ್ಪಿದರೆ ಪರದೆ ಕಪ್ಪು, ಮಾನಿಟರ್ ಸುಡಬಹುದು ಅಂತ ಎಚ್ಚರಿಕೆ ಬೇರೆ! ಈಗ ಮಾನಿಟರೇ ತನ್ನ ವಿವರ ಹೇಳುತ್ತದೆ.

ಹಳೇ_ರೂಟ್: ಒಪ್ಪಿದೆ. ಆದರೆ ಒಳಗೇನು ನಡೀತಿದೆ ಅಂತ ಗೊತ್ತಾಗುತ್ತಿತ್ತು ಅಲ್ವಾ? ಬೂಟ್ ಆಗುವುದೆಲ್ಲ ಶೆಲ್ ಸ್ಕ್ರಿಪ್ಟ್, ಅಂದ್ರೆ ಆಜ್ಞೆಗಳನ್ನು ಬರೆದಿಟ್ಟ ಫೈಲ್, ತೆರೆದು ಓದಿದರೆ ಆಯ್ತು. 2015ರಲ್ಲಿ ಡೆಬಿಯನ್ ಲಿನಕ್ಸ್‌ನ 8ನೇ ಆವೃತ್ತಿ ಬಂದಾಗ ಆ ಸ್ಕ್ರಿಪ್ಟ್‌ಗಳ ಬದಲು ಸಿಸ್ಟಮ್‌ಡಿ ಎಂಬ ಪ್ರೋಗ್ರಾಮೇ ಡೀಫಾಲ್ಟ್ ಆಯಿತು. ಬೇಡ ಅಂದವರು ದೇವುವಾನ್ ಅಂತ ಬೇರೆ ಲಿನಕ್ಸ್ ಮನೆ ಮಾಡಿದರು. ಸುಮ್ನೆ ಎದ್ದು ಹೋದವರಲ್ಲ ಅವರು. ಉಬುಂಟುವಿನದು ಇನ್ನೂ ಚೆಂದ: 22.04ರಿಂದ ಆಪ್ಟ್‌ನಲ್ಲಿ (ಸಾಫ್ಟ್‌ವೇರ್ ತರುವ ಸಾಧನ) ಫೈರ್‌ಫಾಕ್ಸ್ ಕೇಳಿದರೂ ಬೇಕಾದ್ದನ್ನೆಲ್ಲ ಒಳಗೇ ಕಟ್ಟಿಟ್ಟ ಸ್ನ್ಯಾಪ್ ಪೊಟ್ಟಣ ಬರುತ್ತದೆ. ದೋಸೆ ಕೇಳಿದರೆ ಕಾವಲಿ ಸಮೇತ ತಂದಿಟ್ಟ ಹಾಗೆ.

ಕುವೆಂಪುನಗರ_ಟರ್ಮಿನಲ್: ಕಾವಲಿ ಇಲ್ಲದೆ ಒದ್ದಾಡಿದ್ದು ಮರೆತಿರಾ? ಹಳೇ ರೆಡ್‌ಹ್ಯಾಟ್‌ನಲ್ಲಿ ಒಂದು ಆರ್‌ಪಿಎಂ (ಸಾಫ್ಟ್‌ವೇರ್ ಪೊಟ್ಟಣ) ಹಾಕಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಡಯಲಪ್‌ನಲ್ಲಿ ಹುಡುಕಿ ಇಳಿಸಬೇಕು. ಡೆಬಿಯನ್ 2.1ರ ಜೊತೆ 1999ರಲ್ಲಿ, ಬೇಕಾದ್ದನ್ನೆಲ್ಲ ತಾನೇ ತರುವ ಆಪ್ಟ್ ಬಂತು, ಜೀವ ಉಳೀತು.

ಒತ್ತಕ್ಷರ: ಕನ್ನಡದ ಮಾತು ಯಾರೂ ಎತ್ತಲಿಲ್ಲವಲ್ಲ! ನಾನು ಮೈಸೂರಿನಲ್ಲಿ ಡಿಟಿಪಿ ಮಾಡುವವಳು. ಆಗಿನ ಡಿಸ್ಟ್ರೋಗಳಲ್ಲಿ (ಲಿನಕ್ಸ್ ರೂಪಗಳಲ್ಲಿ) ಯೂನಿಕೋಡ್ ಕನ್ನಡ ನೆಟ್ಟಗೆ ಮೂಡುತ್ತಿರಲಿಲ್ಲ. ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಬೀಳುತ್ತಿತ್ತು, ಅರ್ಕಾವತ್ತು ಎಲ್ಲೋ ಹೋಗುತ್ತಿತ್ತು. ಅಕ್ಷರ ಜೋಡಿಸುವ ಪ್ಯಾಂಗೋ, ಹಾರ್ಫ್‌ಬಝ್ ಸುಧಾರಿಸಿ, ಲೋಹಿತ್, ನೋಟೋ ಫಾಂಟ್‌ಗಳು ಬಂದ ಮೇಲೆ ಸರಿಹೋಯಿತು. ಈಗ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ಆರಿಸಿ ನೇರ ಟೈಪ್ ಮಾಡುತ್ತೇನೆ. ಸ್ಕ್ರಿಪ್ಟ್ ಓದುವ ಖುಷಿ ನಿಮಗೇ ಇರಲಿ, ನನಗೆ ಅಕ್ಷರ ಮುಖ್ಯ.

ಹಳೇ_ರೂಟ್: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕುವೆಂಪುನಗರ_ಟರ್ಮಿನಲ್: ಪೆಂಗ್ವಿನ್, ಹಳೇದು ಹಾಕಿದರೆ ಅದರ ಬ್ರೌಸರ್‌ನಲ್ಲಿ ಇವತ್ತಿನ ಸೈಟ್‌ಗಳು ತೆರೆಯುವುದಿಲ್ಲ, ಸೈಟ್ ಜೊತೆ ಸುರಕ್ಷಿತವಾಗಿ ಮಾತಾಡುವ ಟಿಎಲ್‌ಎಸ್ ಹಳೇದು. ಡೆಬಿಯನ್ 12 ಹಾಕಿ, ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್ ಸಾಕು. 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ತೆಗೆದಿದ್ದಾರೆ. ಟ್ಯಾಬ್ ಜಾಸ್ತಿ ತೆರೆಯಬೇಡಿ, ರ್‍ಯಾಮ್ ತಿನ್ನುವುದು ಬ್ರೌಸರೇ.

ಮಂಡ್ಯದ_ಪೆಂಗ್ವಿನ್: ಸರಿ. ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಾ ಅಂತ ಬಯೋಸ್ ನೋಡಬೇಕು.

ಹಳೇ_ರೂಟ್: ಆಗದಿದ್ದರೆ ಹೇಳಿ, ನನ್ನ ಹತ್ರ ಖಾಲಿ ಡಿವಿಡಿ ಇವೆ. ಫ್ಲಾಪಿಯೂ ಇವೆ.