ಕಾಫಿ ಎಲೆಯ ಅಡಿಯ ಕಿತ್ತಳೆ ಪುಡಿ ಗಿಡದ ಜಾತಿಯಾ, ಬೇರೆಯಾ?

ತೋಟದಮನೆ, ಸೋಮವಾರಪೇಟೆ
ಮಗಳು ಒಂಬತ್ತನೇ ಕ್ಲಾಸು. ಅವಳ ಸೋದರಮಾವ ಹಳೇ ಮೈಕ್ರೋಸ್ಕೋಪ್ ಕೊಟ್ಟಿದ್ದಾನೆ. ಈರುಳ್ಳಿ ಸಿಪ್ಪೆ ನೋಡಿದ್ದಾಯ್ತು, ಇಟ್ಟಿಗೆ ಗೋಡೆ ಥರ ಚೆನ್ನಾಗಿ ಕಂಡಿತು. ನಿನ್ನೆ ಮಳೆ ಬಿಟ್ಟಾಗ ತುಕ್ಕು ರೋಗ ಹಿಡಿದ ಅರೇಬಿಕಾ ಕಾಫಿ ಎಲೆ ಕಿತ್ತು ತಂದಳು. ಅಡಿಯ ಪುಡಿಯನ್ನು ನೀರಿಗೆ ಹಾಕಿ ನೋಡಿದರೆ ದಪ್ಪ ಕಪ್ಪು ಅಂಚಿನ ಗುಂಡುಗುಂಡಾದದ್ದು ಕಾಣುತ್ತದೆ. ಅದೇ ಜೀವಕೋಶವಾ? ಇನ್ನೊಂದು, ಈ ತುಕ್ಕು ಅಣಬೆಯ ಹಾಗೇ ಒಂದು ಶಿಲೀಂಧ್ರವಂತೆ, ಶಿಲೀಂಧ್ರ ಸಸ್ಯ ಅಲ್ಲ ಅಂತ ಅವಳ ಪುಸ್ತಕ ಹೇಳುತ್ತದೆ. ನಮಗೆ ಅಣಬೆಯನ್ನು ಗಿಡಗಳ ಜೊತೆಗೇ ಕಲಿಸಿದ್ದರು!

ಮರಗಸಿ
ಅಕ್ಕಾ, ಕಪ್ಪು ಅಂಚಿನದ್ದು ಗಾಳಿಗುಳ್ಳೆ. ನಾನೂ ಒಂದು ದಿನ ಪೂರ್ತಿ ಅದನ್ನೇ ಜೀವಕೋಶ ಅಂದುಕೊಂಡು ಚಿತ್ರ ಬರೆದಿದ್ದೆ. ಪಾರದರ್ಶಕ ಟೇಪನ್ನು ಪುಡಿಗೆ ಒತ್ತಿ, ಒಂದು ಹನಿ ನೀರಿನ ಮೇಲೆ ಅಂಟಿಸಿ. ಪುಡಿ ಕಮ್ಮಿ ಇರಲಿ. ಮೊದಲು 10ರ ಲೆನ್ಸ್, ಆಮೇಲೆ 40. ಮೇಲಿನ ಕಣ್ಣಿನ ಲೆನ್ಸ್ 10 ಆದರೆ ಒಟ್ಟು 400 ಪಟ್ಟು.

ನಿವೃತ್ತ ಬಯಾಲಜಿ ಮೇಷ್ಟ್ರು
ಸರಿಯಾಗಿ ಕಂಡರೆ ನಮ್ಮ ಕೊಡಗಿನ ಕಿತ್ತಳೆ ತೊಳೆಯ ಹಾಗೇ ಆಕಾರ. ಬೆನ್ನಿನ ಮೇಲೆ ಸಣ್ಣ ಮುಳ್ಳು, ಒಳಬದಿ ನುಣುಪು. ಒಂದೊಂದೂ ಒಂದು ಬೀಜಕಣ (ಶಿಲೀಂಧ್ರ ಹರಡುವ ಬೀಜದಂಥ ಕಣ), ಮಿಲಿಮೀಟರಿಗೆ ಸುಮಾರು 30 ಸಾಲಾಗಿ ನಿಲ್ಲುತ್ತವೆ. 1869ರಲ್ಲಿ ಸಿಲೋನಿನ ಕಾಫಿ ಎಲೆ ನೋಡಿ ಇದಕ್ಕೆ ಇಟ್ಟ ಹೆಸರು ಹೆಮಿಲಿಯಾ. ಅರ್ಧ ನುಣುಪು ಅಂತ ಅರ್ಥ.

ಗಿಡ ಯಾಕಲ್ಲ ಅಂದರೆ, ಇದಕ್ಕೆ ಹಸಿರು ಇಲ್ಲ. ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳಲು ಬರದು, ನಿಮ್ಮ ಎಲೆಯ ಊಟವನ್ನೇ ಉಣ್ಣುತ್ತದೆ. ಕೋಶದ ಗೋಡೆಯೂ ಬೇರೆ. ಗಿಡದ್ದು ಸೆಲ್ಯುಲೋಸ್, ಇದರದ್ದು ಕೈಟಿನ್, ಏಡಿ ಚಿಪ್ಪಿನಲ್ಲಿರುವುದೇ. ಜೀವಿಗಳಿಗೆ ಹೆಸರಿಟ್ಟು ಪಟ್ಟಿ ಮಾಡಿದ ಲಿನೇಯಸ್ ಕಾಲದಿಂದ ಅಣಬೆಗಳು ಗಿಡಗಳ ಪಟ್ಟಿಯಲ್ಲೇ ಇದ್ದವು. 1969ರಲ್ಲಿ ವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯ ಅಂತ ವಿಂಗಡಿಸಿದಾಗ ಇವಕ್ಕೆ ತಮ್ಮದೇ ಮನೆ ಸಿಕ್ಕಿತು. ನಿಮ್ಮ ಮೇಷ್ಟ್ರು ಹಳೇ ಪಟ್ಟಿ ಓದಿದವರು, ಅಷ್ಟೇ.

ಮರಗಸಿ
ಬೀಜಕಣ ಮೊಳೆತು ಎಲೆಯ ಅಡಿಯ ಉಸಿರುರಂಧ್ರದಿಂದಲೇ ಒಳಗೆ ಹೋಗುವುದು. ಅದಕ್ಕೇ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಎಲೆ ಅಡಿಗೆ ತಾಗಬೇಕು ಅಂತ ಅಷ್ಟು ಕಿರುಚುವುದು.

ತೋಟದಮನೆ, ಸೋಮವಾರಪೇಟೆ
ಟೇಪ್ ಹಾಕಿ ನೋಡಿದೆವು. ತೊಳೆ ಕಂಡಿತು! ಮುಳ್ಳು ಮಾತ್ರ ಮಗಳಿಗೆ ಕಾಣುತ್ತದಂತೆ, ನನ್ನ ಕಣ್ಣಿಗೆ ಮಸುಕು. ಈಗ ಅವಳು ಬಚ್ಚಲ ಗೋಡೆಯ ಪಾಚಿ ಕೆರೆಯಲು ಚಾಕು ಕೇಳುತ್ತಿದ್ದಾಳೆ.